ರೇವಪ್ಪನ ಬೇವಿನ ತಗ್ಗು

ನೌಬಾದಿನಲ್ಲಿ ನಮ್ಮ ಮನೆಯ ಪಕ್ಕದ ಖಾಲಿ ಪ್ಲಾಟನ್ನು ಕಳೆದ ವಾರ ಜೆಸಿಬಿ ತರಿಸಿ ಹಸನು ಮಾಡಿದರು. ಸಂಜೆ ಕಾಲೇಜಿನಿಂದ ಬಂದು ಗೇಟು ತೆಗೆಯುವಾಗ ಒಂದು ವಾಸನೆ ಬಂತು. ನಿಂಬೆ ಅಂದರೆ ನಿಂಬೆಯಲ್ಲ, ಹಸಿಶುಂಠಿ ಅಂದರೆ ಅದೂ ಅಲ್ಲ. ಮಣ್ಣಿನ ಗುಪ್ಪೆಯ ಮೇಲೆ ಬೇರು ಸಮೇತ ಬಿದ್ದಿದ್ದ ಹುಲ್ಲನ್ನು ಎತ್ತಿ ಅಂಗೈಯಲ್ಲಿ ಉಜ್ಜಿದೆ. ಅದೇ ಹುಲ್ಲು. ಔರಾದ ಕಡೆ ಜನ ಅದಕ್ಕೆ ಬರೀ ವಾಸನಿ ಹುಲ್ಲು ಅನ್ನುತ್ತಾರೆ. ಇಷ್ಟು ವರ್ಷ ಅದು ನನ್ನ ಗೋಡೆಯ ಆಚೆಯೇ ಬೆಳೆದಿತ್ತು, ಕಿತ್ತ ಮೇಲೆ ಗೊತ್ತಾಯಿತು.

ಕೈ ತೊಳೆಯದೆ ಒಳಗೆ ಬಂದು ಕೂತೆ. ಔರಾದ ಕಡೆಯ ಹಳ್ಳಿ ಚಿಂತಾಕಿ ನೆನಪಾಯಿತು ಎಂದು ಬರೆಯಲು ಅಳುಕಾಗುತ್ತದೆ, ಯಾಕೆಂದರೆ ಅಲ್ಲಿದ್ದ ಒಂದು ವರ್ಷವನ್ನು ನಾನು ತರಗತಿಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿ ಹೇಳಿ ಅದರ ಮೂಲೆಗಳು ಸವೆದು ಗುಂಡಗಾಗಿವೆ. ಈಗ ನೆನಪಾಗುವುದು ಆ ವರ್ಷವೋ, ಹಿಂದಿನ ಸಲ ಹೇಳಿದ ಕಥೆಯೋ, ನನಗೇ ಖಾತ್ರಿಯಿಲ್ಲ. ಆದರೂ ಆ ವಾಸನೆ ಕಥೆಯಲ್ಲಿ ಎಂದೂ ಇರಲಿಲ್ಲ. ಅದನ್ನು ನಂಬಿ ಬರೆಯುತ್ತಿದ್ದೇನೆ.

ಆಗಷ್ಟೇ ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಹುಲ್ಲುಗಾವಲಿನ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಸಮೀಕ್ಷೆಗೆ ಒಬ್ಬರು ಬೇಕಿದ್ದರು. ಭಾಲ್ಕಿ ತಾಲ್ಲೂಕಿನ ನಮ್ಮ ಸಾಯಗಾಂವದಿಂದ ಒಂದು ಚೀಲ, ಒಂದು ದುರ್ಬೀನು ಹಿಡಿದುಕೊಂಡು ಚಿಂತಾಕಿಗೆ ಹೋದೆ. ಮಿರಗದ ಮಳೆ ಅದೇ ತಾನೇ ಬಿದ್ದಿತ್ತು. ಬಾಡಿಗೆಗೆ ಸಿಕ್ಕಿದ್ದು ಗಂಗಮ್ಮ ಆಯಿಯ ಮನೆಯ ಹೊರಕೋಣೆ. ಗಂಡ ರೇವಪ್ಪ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಮಗ ಹೊಲ ನೋಡುತ್ತಿದ್ದ, ಸೊಸೆ ಶಾಂತಾಬಾಯಿ ಮನೆ. ಆಯಿ ಇಬ್ಬರನ್ನೂ ನೋಡುತ್ತಿದ್ದಳು.

"ಎಣಸ್ಲಾಕ ಬಂದೀಯಂತ?" ಮೊದಲ ದಿನ ಕೇಳಿದಳು.

"ಹೌದಾಯಿ. ಚಿಗರಿ ಎಷ್ಟವ, ಎಲ್ಲಿ ಮೇಯ್ತಾವ, ಎಲ್ಲಿ ಮರಿ ಹಾಕ್ತಾವ, ಎಲ್ಲಾ ಬರಕೋಬೇಕು."

"ನನಗ ಕೇಳಿದ್ರ ನೀ ಸಾಯಗಾಂವದಾಗ ಕೂತಲ್ಲೇ ಹೇಳ್ತಿದ್ನಲ್ಲ. ನನ್ನ ತೊಗರಿ ಹೊಲದಾಗ ಮೇಯ್ತಾವ." ತಂಬಾಕು ತಿಕ್ಕುತ್ತ ನಕ್ಕಳು. "ನಮ್ಮ ಮನಿಯವರು ಜೀವಮಾನ ಎಲ್ಲಾ ಎಣ್ಣಿ ಡಬ್ಬಿ ಬಾರಿಸಿ ಬಾರಿಸಿ ಅವನ್ನ ಓಡಿಸಿದ್ರು. ನೀ ಓದಿ ಅವನ್ನ ಹುಡುಕ್ಕೊಂಡು ಬಂದಿ. ನಡೀಲಿ."

ನನ್ನ ಹೆಸರು ಆಕೆಗೆ ಕೊನೆವರೆಗೂ ಬಾಯಿಗೆ ಹತ್ತಲಿಲ್ಲ. ನಾನು ಸಾಯಗಾಂವದಾಕಿ.

ಊರಿನ ಪಡುವಲಿಗೆ ಗಾಯರಾಣವಿತ್ತು. ದನ ಮೇಯಲು ಹಿಂದಿನಿಂದ ಬಿಟ್ಟಿದ್ದ ಕೆಂಪು ಮುರುಮಿನ ನೆಲ, ಎಲ್ಲೂ ತಡೆಯಿಲ್ಲದೆ ದಿಗಂತದವರೆಗೆ ಹೋಗುತ್ತಿತ್ತು. ಮಳೆ ಬಿದ್ದ ಮೇಲೆ ಮೊಣಕಾಲೆತ್ತರ ಹುಲ್ಲು. ಬೆಳಗಿನ ಮಂಜಿನಲ್ಲಿ ಕರಿ ಗಂಡೊಂದು ಸುರುಳಿ ಕೊಂಬು ಬೆನ್ನಿಗೆ ಚೆಲ್ಲಿ ತನ್ನ ಜಾಗದಲ್ಲಿ ನಿಂತಿರುತ್ತಿತ್ತು, ಪಂಚಾಯಿತಿ ಕಟ್ಟೆಯ ಮೇಲೆ ಹಿರಿಯರು ನಿಂತ ಹಾಗೆ. ತಾಯಿಗಳು ಮರಿಯನ್ನು ಹುಲ್ಲಿನೊಳಗೆ ಮಲಗಿಸಿ ದೂರ ಹೋಗಿ ಮೇಯುತ್ತಿದ್ದವು. ಮರಿ ಅಲುಗುತ್ತಿರಲಿಲ್ಲ. ಹುಲ್ಲೇ ಅದರ ಮನೆ, ಬಾಗಿಲು, ಚಿಲಕ.

ಸಮೀಕ್ಷೆಗೆ ಜೊತೆ ಬರುತ್ತಿದ್ದವನು ಮಾರುತಿ. ಊರಿನ ಬೌದ್ಧರ ಓಣಿಯವನು, ಭಾಲ್ಕಿಯಲ್ಲಿ ಬಿ.ಎ. ಮಾಡಿ ನೌಕರಿಗೆ ಅರ್ಜಿ ಹಾಕುತ್ತಿದ್ದ. ನಡೆಯುತ್ತ ನಡೆಯುತ್ತ ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೆ ತನಗೆ ತಾನೇ ಕೇಳಿಕೊಂಡು ಉತ್ತರ ಹೇಳಿಕೊಳ್ಳುತ್ತಿದ್ದ. ಚಿಗರಿ ಕಂಡರೆ ಮಾತ್ರ ಸುಮ್ಮನಾಗುತ್ತಿದ್ದ.

ಆ ಮಳೆಗಾಲದಲ್ಲೇ ಊರಿಗೆ ಗಿಡ ಹಚ್ಚುವ ಹುರುಪು ಬಂದದ್ದು. ಯಾರೂ ಹೊರಗಿನಿಂದ ಹೇರಲಿಲ್ಲ. ಊರವರೇ ಸೇರಿ, ನರ್ಸರಿಯಿಂದ ಸಸಿ ತರಿಸಿ, ಗಾಯರಾಣವನ್ನು ಕಾಡು ಮಾಡಬೇಕೆಂದು ನಿಶ್ಚಯಿಸಿದರು. ಚಿಗರಿಗೆ ನೆರಳಾಗುತ್ತದೆ, ಅವು ಹೊಲಕ್ಕೆ ಬರುವುದಿಲ್ಲ ಎಂಬ ಆಸೆಯೂ ಇತ್ತು. ಮುಂದೆ ನಿಂತವರು ವೈಜಿನಾಥ ಕಾಕಾ. ಕಿರಾಣಿ ಅಂಗಡಿಯವರು, ಊರಿನ ಯಾವ ಕೆಲಸಕ್ಕೂ ಮೊದಲು ಕೈ ಹಾಕುವವರು. ಸಭೆಯಲ್ಲಿ ನಾನು ಎದ್ದು, ಚಿಗರಿ ಬಯಲಿನ ಪ್ರಾಣಿ, ದೂರದಿಂದ ತೋಳ ಕಂಡರೆ ಓಡಿ ಬದುಕುತ್ತದೆ, ಮರಿ ಮುಚ್ಚಿಡಲು ಹುಲ್ಲು ಬೇಕು ಎಂದೆ. ಆಫ್ರಿಕಾದಲ್ಲೂ ದಕ್ಷಿಣ ಅಮೆರಿಕದಲ್ಲೂ ಹುಲ್ಲುಗಾವಲನ್ನು ಖಾಲಿ ಜಾಗವೆಂದು ತಿಳಿದು ಒಳ್ಳೆಯ ಮನಸ್ಸಿನಿಂದಲೇ ಗಿಡ ನೆಟ್ಟು, ಅಲ್ಲಿನ ಜೀವಿಗಳು ಜಾಗ ಕಳೆದುಕೊಂಡದ್ದನ್ನು ಹೇಳಿದೆ.

ಕಾಕಾ ಕೈ ಮುಗಿದರು. "ಮೇಡಂ, ಜಗತ್ತೆಲ್ಲಾ ಗಿಡ ಹಚ್ರಿ ಅಂತದ. ಪರಿಸರ ಓದಿದವರು ನೀವೇ ಹಚ್ಚಬ್ಯಾಡ್ರಿ ಅಂತೀರಿ. ಇದು ಯಾವ ಸಾಲ್ಯಾಗ ಕಲಿಸ್ಯಾರ್ರಿ?"

"ಸಾಯಗಾಂವ ಸಾಲ್ಯಾಗ!" ಹಿಂದಿನಿಂದ ಯಾರೋ ಅಂದರು. ಸಭೆಗೆ ಸಭೆಯೇ ನಕ್ಕಿತು. ನಾನೂ ನಕ್ಕೆ ಎಂದು ನೆನಪು.

ಆಮೇಲೆ ಕಾಕಾ ಒಂದು ಮಾತು ಸೇರಿಸಿದರು. ಸರಕಾರದ ಗಿಡ ಅಂದರೆ ಯಾರೂ ನೀರು ಹಾಕುವುದಿಲ್ಲ. ಅದಕ್ಕೆ ಪ್ರತಿ ಮನೆಯವರೂ ತಮ್ಮ ತೀರಿಹೋದವರ ಹೆಸರಿನಲ್ಲಿ ಒಂದು ಗಿಡ ಹಚ್ಚಲಿ. ಆ ಮಾತಿಗೆ ಊರು ಕರಗಿತು. ಕಾಕಾ ತಮ್ಮ ಅವ್ವನ ಹೆಸರಿನಲ್ಲಿ ಹುಣಸೆ ಹಚ್ಚಿದರು. ಶರಣರ ಮನೆಗಳವರು ಬಿಲ್ವ ತಂದರು. ಮಾರುತಿ ಅಜ್ಜನ ಹೆಸರಿನಲ್ಲಿ ಅರಳಿ ಹಚ್ಚಿದ, ನನ್ನ ಮುಖ ನೋಡದೆ. ಗಂಗಮ್ಮ ಆಯಿ ರೇವಪ್ಪನಿಗೆ ಬೇವು ಆರಿಸಿದಳು. ಹೆಸರು ಬರೆಸಲು ತಗಡು ಬೇಕಿತ್ತು. ಆತ ಬಾರಿಸುತ್ತಿದ್ದ ಎಣ್ಣೆ ಡಬ್ಬಿಯನ್ನೇ ಕತ್ತರಿಸಿ, ಬಣ್ಣದಲ್ಲಿ ಹೆಸರು ಬರೆಸಿ, ಗಿಡದ ಬುಡದಲ್ಲಿ ಕೋಲಿಗೆ ಕಟ್ಟಿದಳು.

ಸಸಿ ಹಚ್ಚಿ ಬಿಟ್ಟಿದ್ದರೆ ಹುಲ್ಲು ಅದನ್ನು ನುಂಗುತ್ತಿತ್ತೇನೋ. ಆದರೆ ಇವರು ರೈತರು. ಪೈರಿನ ಸುತ್ತ ಹುಲ್ಲು ನಿಂತರೆ ಇವರ ಕಣ್ಣಿಗೆ ಮುಳ್ಳು ಚುಚ್ಚಿದ ಹಾಗೆ. ಹೆಂಗಸರು ಕಳೆ ತೆಗೆಯುವ ಖುರ್ಪಿ ಹಿಡಿದು ಸಾಲು ಹಿಡಿದು ಕೂತರು. ಅತ್ತೆಯ ಗಿಡದ ಸುತ್ತ ಕಸ ಕಂಡರೆ ಸೊಸೆಗೆ ಮಾತು ಬರುತ್ತದೆ. ಒಬ್ಬಳು ತನ್ನ ಗಿಡದ ಸುತ್ತ ಒಂದು ಮಾರು ಹಸನು ಮಾಡಿದರೆ ಪಕ್ಕದವಳು ಎರಡು ಮಾರು ಮಾಡಿದಳು. ಶ್ರಾವಣ ಮುಗಿಯುವುದರೊಳಗೆ ಗಾಯರಾಣ ಸಗಣಿ ಸಾರಿಸಿದ ಅಂಗಳದ ಹಾಗೆ ಬೋಳಾಗಿ, ಚೊಕ್ಕವಾಗಿ, ಸಾಲು ಸಾಲು ತಗಡಿನೊಂದಿಗೆ ಮಿನುಗುತ್ತಿತ್ತು. ಇಷ್ಟು ಪ್ರೀತಿಯಿಂದ ಒಂದು ಜಾಗವನ್ನು ಹಾಳು ಮಾಡುವುದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಆ ಕಿತ್ತ ಹುಲ್ಲಿನ ರಾಶಿಗಳ ವಾಸನೆಯೇ ಮೊನ್ನೆ ನೌಬಾದಿನಲ್ಲಿ ಬಂದದ್ದು.

ಸಂಜೆ ಕಟ್ಟೆಯ ಮೇಲೆ ಕೂತು ಆಯಿಗೆ ಬೇರೆ ದೇಶದ ಸುದ್ದಿ ಹೇಳುತ್ತಿದ್ದೆ. ಅದಕ್ಕೆ ಬದಲಾಗಿ ಇನ್ನೊಂದು ಕಪ್ ಚಹಾ. ಆ ಮನೆಯಲ್ಲಿ ಚಹಾಪುಡಿ ಆಯಿಯ ಸೆರಗಿನ ಗಂಟಿನಲ್ಲೇ ಇದೆಯೇನೋ ಅನ್ನಿಸುವಷ್ಟು ಹಿಡಿತ. ಅರಬ್ಬರ ಮರಳುಗಾಡಿನಲ್ಲಿ ಒಂದು ಬಿಳಿ ಜಿಂಕೆಯಂಥ ಪ್ರಾಣಿ ಬೇಟೆಗೆ ಸಿಕ್ಕಿ ಪೂರ್ತಿ ಇಲ್ಲವಾಗಿ, ಪ್ರಾಣಿಸಂಗ್ರಹಾಲಯಗಳಲ್ಲಿ ಉಳಿದಿದ್ದ ಕೆಲವನ್ನು ಬೆಳೆಸಿ ಮತ್ತೆ ಮರಳಿಗೆ ಬಿಟ್ಟರು ಎಂದೆ. ಬೇಟೆ ನಿಲ್ಲಿಸಿದ ಮೇಲೆ ಕೆಲವು ತಿಮಿಂಗಿಲಗಳು ಮತ್ತೆ ಹೆಚ್ಚಾದದ್ದು ಹೇಳಿದೆ. ದಾರಿ ಮರೆತ ಕೊಕ್ಕರೆಗಳಿಗೆ ಸಣ್ಣ ವಿಮಾನ ಹಾರಿಸಿ ದಾರಿ ಕಲಿಸಿದ್ದನ್ನು ಹೇಳಿದಾಗ ಆಯಿ ಎದ್ದೇ ನಿಂತಳು.

"ವಿಮಾನದ ಹಿಂದ ಹಕ್ಕಿ? ಚಾ ಕುಡಸ್ತೀನಿ ಅಂತ ಏನು ಬೇಕಾದ್ದು ಹೇಳ್ತೀ ಏನ?"

"ಖರೇನೇ ಆಯಿ, ನಿನ್ನಾಣಿ."

"ನನ್ನಾಣಿ ಯಾಕ? ನಿಮ್ಮವ್ವನಾಣಿ ಮಾಡು."

ಆದರೆ ಎಲ್ಲ ಸುದ್ದಿಯ ಕೊನೆಗೆ ಆಕೆ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಅಲ್ಲಿ ಜಾಗಾ ಯಾರು ಬಿಟ್ರು?"

ಆ ಪ್ರಾಣಿ ಮರಳಿ ಬಂತೆಂದರೆ ಅದು ಹೋದ ಮೇಲೆ ಆ ಜಾಗದಲ್ಲಿ ಯಾರೋ ಏನೋ ಇಟ್ಟಿರಬೇಕಲ್ಲ, ಅವರು ಎದ್ದು ಎಲ್ಲಿ ಹೋದರು ಎಂಬುದು ಆಕೆಯ ಮಾತು. ಹೊಲದ ಬದುವಿಗಾಗಿ ಭಾವನ ಜೊತೆ ವರ್ಷಗಟ್ಟಲೆ ಜಗಳವಾಡಿದವಳಿಗೆ ಅದು ಸಹಜ ಪ್ರಶ್ನೆ. ನಾನು ಓದಿದ ಪುಸ್ತಕಗಳಲ್ಲಿ ಕೆಲವಕ್ಕೆ ಉತ್ತರವಿತ್ತು, ಹೆಚ್ಚಿನವಕ್ಕೆ ಇರಲಿಲ್ಲ. ಒಮ್ಮೆ ಆಕೆಯೇ ಹೇಳಿದಳು, ಮದುವೆಯಾಗಿ ಬಂದಾಗ ಗಾಯರಾಣದಲ್ಲಿ ಎರೆಭೂತ ಎಂಬ ಆಳೆತ್ತರದ ಹಕ್ಕಿ ನಡೆದಾಡುತ್ತಿತ್ತಂತೆ. ಯಾವಾಗ ಹೋಯಿತು ಅಂದೆ. "ಹೋಗೂದು ಯಾರು ನೋಡ್ತಾರ? ಒಂದಿನ ಮಾತಿಗೆ ಬಂತು, ಕಾಣವಲ್ದಲ್ಲ ಅಂತ," ಅಂದಳು.

ಭಾದ್ರಪದದ ಹೊತ್ತಿಗೆ ಗಾಯರಾಣದಲ್ಲಿ ಚಿಗರಿ ಕಾಣುವುದು ಅಪರೂಪವಾಯಿತು. ಅವು ಊರ ಸುತ್ತಲ ಸೋಯಾ, ತೊಗರಿ, ಉದ್ದಿನ ಹೊಲ ಹೊಕ್ಕಿದ್ದವು. ಕಾಕಾ ಅಂಗಡಿಯ ಮುಂದೆ ನನ್ನನ್ನು ತಡೆದು ನಿಲ್ಲಿಸಿದರು. "ನೋಡ್ರಿ ಮೇಡಂ, ಅವಕ್ಕ ಅಂತ ಇಷ್ಟ ಮಂದಿ ಹೈರಾಣಾಗಿ ಕಾಡ ಮಾಡ್ಲತ್ತೀವಿ, ಅವು ಬಂದು ನಮ್ಮ ಸೋಯಾ ತಿನ್ಲತ್ತಾವ. ಪ್ರಾಣಿಗೆ ನಿಯತ್ತಿಲ್ರಿ." ಚಿಗರಿಯ ಉಪಕಾರಗೇಡಿತನದ ಬಗ್ಗೆ ಅವರಿಗೆ ನಿಜವಾಗಿ ನೋವಾಗಿತ್ತು.

ದಸರೆಯ ಆಸುಪಾಸು ಆಯಿಯ ಹೊಲದಲ್ಲಿ ಸೋಯಾ ಕೊಯ್ಲು ನಡೆದಿತ್ತು. ಸಾಲು ಹಿಡಿದು ಕೊಯ್ಯುತ್ತಿದ್ದ ಹೆಂಗಸರಲ್ಲಿ ಶಾಂತಾಬಾಯಿ ಕೂಗಿ ಕುಡಗೋಲು ಬಿಟ್ಟಳು. ಗಿಡಗಳ ನಡುವೆ ಚಿಗರಿ ಮರಿ. ಕೊರಳು ನೆಲಕ್ಕೆ ಹಚ್ಚಿ ಮಲಗಿತ್ತು. ನೆರಳು ಬಿದ್ದರೂ ಕಣ್ಣು ಮಿಟುಕಿಸಲಿಲ್ಲ. ಕುಡಗೋಲು ಇನ್ನೊಂದು ಹಿಡಿ ಮುಂದೆ ಹೋಗಿದ್ದರೆ ಕಾಲಿಗೆ ತಗುಲುತ್ತಿತ್ತು.

"ಅಷ್ಟ ಬಿಡ್ರಿ, ಸುತ್ತಾಕಡಿಂದ ಕೊಯ್ರಿ," ಆಯಿ ಅಂದಳು. ಕೊಯ್ದ ಹೊಲದ ನಡುವೆ ಸೋಯಾದ ಒಂದು ಸಣ್ಣ ದ್ವೀಪ ಉಳಿಯಿತು. ನಾಯಿಗಳು ಬರಬಹುದೆಂದು ಆಯಿ ಬಡಿಗೆ ಹಿಡಿದು ಬದುವಿನ ಮೇಲೆ ಬಿಸಿಲಲ್ಲಿ ಕೂತಳು. ತಾಯಿ ಚಿಗರಿ ದೂರದ ಗಾಯರಾಣದಲ್ಲಿ, ತಗಡುಗಳ ನಡುವೆ ಬೋಳು ನೆಲದ ಮೇಲೆ ನಿಂತು ನೋಡುತ್ತಿತ್ತು. ಮುಂದೆ ಬರುತ್ತಿತ್ತು, ಮರೆಗೆ ಏನೂ ಇಲ್ಲದೆ ಹಿಂದಕ್ಕೆ ಸರಿಯುತ್ತಿತ್ತು. ಹೊತ್ತು ಮುಳುಗುವಾಗ ನಾವೆಲ್ಲ ದೂರ ಸರಿದೆವು. ಬೆಳಿಗ್ಗೆ ಹೋಗಿ ನೋಡಿದರೆ ಆ ದ್ವೀಪ ಖಾಲಿ. ತಾಯಿ ಕರೆದೊಯ್ಯಿತೋ, ನಾಯಿ ಒಯ್ದವೋ ಹೇಳುವ ಗುರುತು ಇರಲಿಲ್ಲ. ತಾಯಿಯೇ ಒಯ್ದಿದೆ ಎಂದು ಮಾರುತಿ ಅಂದ. ನಾನೂ ತಲೆಯಾಡಿಸಿದೆ.

ಆಯಿ ರೊಟ್ಟಿ ಬಡಿಯುವಾಗ ಬೆನ್ನು ತಿರುಗಿಸಿಕೊಂಡೇ ಕೇಳಿದಳು: "ಹುಲ್ಲಿದ್ರ ಅದು ನನ್ನ ಸೋಯಾಕ್ಕ ಯಾಕ ಬರ್ತಿತ್ತ?" ಮರುದಿನದಿಂದ ಕಸ ತೆಗೆಯಲು ಗಾಯರಾಣಕ್ಕೆ ಹೋಗುವುದನ್ನು ಬಿಟ್ಟಳು.

ಚಳಿ ಬಿದ್ದ ಮೇಲೆ ಸಾಲೆಯ ಗೋಡೆಯ ಪಕ್ಕ ಕಲ್ಲಿನ ಕಂಬಗಳು ಬಂದು ಬಿದ್ದವು. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಮುಗಿದ ಕೂಡಲೇ ಗಾಯರಾಣಕ್ಕೆ ತಂತಿ ಬೇಲಿ ಎಂದು ಕಾಕಾ ಸಾರಿದರು. ಬೇಲಿ ಹಾಕಿದರೆ ಮುಗಿಯಿತು. ಚಿಗರಿ ಒಳಗೆ ಬರುವುದಿಲ್ಲ, ಗಿಡ ಬೆಳೆದು ನೆರಳಾದರೆ ಹುಲ್ಲೂ ಬೆಳೆಯುವುದಿಲ್ಲ. ನಾನು ಮತ್ತೆ ಮನೆ ಮನೆ ತಿರುಗಿದೆ. ಬೇಲಿಯಾದರೂ ಬೇಡ, ಸಸಿಗಳನ್ನು ಬೇರೆ ಕಡೆ ಹಚ್ಚೋಣ ಎಂದೆ. ಎಲ್ಲರೂ ಚಹಾ ಕೊಟ್ಟರು. ಎಲ್ಲರೂ ಒಂದೇ ಮಾತು ಅಂದರು: ನಮ್ಮ ಅಪ್ಪನ ಗಿಡ ಹ್ಯಾಂಗ ಕೀಳೂದ್ರಿ? ಅದು ಬರೀ ಸಸಿ ಎಂದು ಹೇಳಬಹುದಿತ್ತು. ಆದರೆ ಆ ಹೊತ್ತಿಗೆ ನನಗೂ ಅದು ಬರೀ ಸಸಿಯಾಗಿ ಕಾಣುತ್ತಿರಲಿಲ್ಲ.

ಎಳ್ಳಮಾಸಿಯ ದಿನ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಗಡಿಗೆಯಲ್ಲಿ ಅಂಬಲಿ. ಬೆಳೆಗೆ ಚರಗ ಚೆಲ್ಲಿ, ಗುರುತು ಪರಿಚಯ ನೋಡದೆ ಕರೆದು ಉಣಿಸುತ್ತಾರೆ. ಆ ವರ್ಷ ಎಷ್ಟೋ ಮನೆಯವರು ಒಂದು ಪಾಲು ಕಟ್ಟಿಕೊಂಡು ಗಾಯರಾಣಕ್ಕೂ ಬಂದಿದ್ದರು, ತಮ್ಮವರ ಗಿಡಕ್ಕೆ ಎಡಿ ಹಿಡಿಯಲು. ಆಯಿ ರೇವಪ್ಪನ ಬೇವಿನ ಮುಂದೆ ರೊಟ್ಟಿ, ಭಜ್ಜಿ ಇಟ್ಟು, ಅಂಬಲಿ ಹಾಕಿ, ಸ್ವಲ್ಪ ಹೊತ್ತು ಕೂತಳು. ಆಮೇಲೆ ಮಾರುತಿಗೆ ಅಂದಳು, "ಆ ಸಲಕಿ ಇತ್ತ ಕೊಡಪ್ಪಾ."

ಬೇರಿಗೆ ಪೆಟ್ಟಾಗದಂತೆ ಸುತ್ತ ಅಗೆಯತೊಡಗಿದಳು. ಕಾಕಾ ಓಡಿ ಬಂದರು.

"ಗಂಗಮ್ಮಾಯಿ! ಏನ್ ಮಾಡ್ಲತ್ತಿ? ಎಡಿ ಕೊಟ್ಟು ಕೀಳ್ತೀ ಏನು?"

"ಉಣಿಸಿ ಎಬ್ಬಸ್ಲತ್ತೀನಿ. ಹಸದವರಿಗಿ ಎಬ್ಬಿಸಬಾರದು." ಮಣ್ಣು ತೆಗೆಯುತ್ತಲೇ ಅಂದಳು, "ಜೀವ ಇರೋತನಕ ಚಿಗರಿಗಿ ಬೈದ ಮನುಷ್ಯಾ. ತಂದು ಅವುಗಳ ಮನ್ಯಾಗೇ ನಿಲ್ಲಿಸೀನಿ. ಇವರಿಗೂ ಆರಾಮಿಲ್ಲ, ಅವಕ್ಕೂ ಆರಾಮಿಲ್ಲ."

ಯಾರೋ ನಕ್ಕರು. ಕಾಕಾ ನಗಲಿಲ್ಲ. "ನಮ್ಮವ್ವನ ಗಿಡ ಮಾತ್ರ ನಾ ಕೀಳಾಂಗಿಲ್ಲ ನೋಡು."

"ಕೀಳಬ್ಯಾಡಪ್ಪಾ, ನಿನಗ ಯಾರು ಅಂದಾರ? ನಮ್ಮ ಮನಿಯವರಿಗಿ ನಾ ಮನಿಗಿ ಕರ್ಕೊಂಡು ಹೊಂಟೀನಿ."

ಮಣ್ಣಿನ ಹೆಂಟೆ ಸಮೇತ ಗಿಡವನ್ನು ಸೆರಗಿನಲ್ಲಿ ಕಟ್ಟಿ, ತಗಡನ್ನು ಬಗಲಲ್ಲಿ ಹಿಡಿದು, ಸಾಲು ತಗಡುಗಳ ನಡುವೆ ನಡೆದು ಹೋದಳು. ಅದನ್ನು ಹೊಲದ ಬಾವಿಯ ಹತ್ತಿರ ಹಚ್ಚಿದಳು. ಮರುದಿನ ಮಾರುತಿ ಅಜ್ಜನ ಅರಳಿಯನ್ನು ಕಿತ್ತ. ಆಮೇಲೆ ಒಬ್ಬೊಬ್ಬರಾಗಿ, ಒಳಗಿನ ಸಾಲುಗಳವರು. ದಾರಿಯ ಕಡೆಯ ಸಾಲುಗಳನ್ನು ಯಾರೂ ಮುಟ್ಟಲಿಲ್ಲ. ಕಾಕಾನ ಹುಣಸೆ ಅಲ್ಲೇ ಉಳಿಯಿತು. ಆದರೆ ಬೇಲಿ ಹಾಕಲಿಲ್ಲ. ಅರ್ಧ ತೋಪಿಗೆ ಬೇಲಿ ಯಾಕೆ ಎಂದು ಕಾಕಾನೇ ಗೊಣಗಿ, ಕಂಬಗಳನ್ನು ಸಾಲೆಯ ತೋಟಕ್ಕೆ ಕೊಟ್ಟುಬಿಟ್ಟರು. ಸಮೀಕ್ಷೆ ಮುಗಿದು ನಾನು ಹೊರಟಾಗ ಒಳಗಿನ ನೆಲ ಬರೀ ತಗ್ಗುಗಳಿಂದ ತುಂಬಿತ್ತು. ಆಯಿ ದಾರಿಗೆ ಒಂದು ಪೊಟ್ಟಣ ಚಹಾಪುಡಿ ಕೊಟ್ಟಳು. ಅದು ಎಷ್ಟು ದೊಡ್ಡ ಮಾತೆಂದು ಆ ಮನೆಯಲ್ಲಿ ಚಹಾ ಕುಡಿದವರಿಗೆ ಗೊತ್ತು.

ಇಷ್ಟು ವರ್ಷ ನಾನು ಹೀಗೆ ಹೇಳುತ್ತ ಬಂದೆ. ಕೊನೆಗೆ ಯಾವಾಗಲೂ ಒಂದು ಚಿತ್ರ ಸೇರಿಸುತ್ತಿದ್ದೆ: ಬಾವಿಯ ಪಕ್ಕ ರೇವಪ್ಪನ ಬೇವು ಈಗ ಹೆಮ್ಮರವಾಗಿದೆ, ಅದರ ನೆರಳಿನಲ್ಲಿ ಕೂತರೆ ಚಿಗರಿ ಕಾಣುತ್ತವೆ. ನಾನು ಅದನ್ನು ನೋಡಿರಲಿಲ್ಲ. ನೋಡಿದ ಹಾಗೇ ಇತ್ತು.

ಹುಲ್ಲಿನ ವಾಸನೆ ಬಂದ ಮೂರ್ನಾಲ್ಕು ದಿನಕ್ಕೆ ಸೋದರತ್ತೆಯ ಮನೆಯ ಕಾರ್ಯಕ್ಕೆ ಭಾಲ್ಕಿಗೆ ಹೋಗಿದ್ದೆ. ಮಾರುತಿ ಈಗ ಅಲ್ಲಿಯೇ ಮೇಷ್ಟ್ರು. ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ಎಳ್ಳಮಾಸಿಯ ಮಾತು ತೆಗೆದೆ.

"ಎಲ್ಲರ ಮುಂದ ಎಲ್ಲಿ ಕಿತ್ತಳ್ರಿ ಅಕ್ಕಾ?" ಅಂದ. "ಮಂದಿ ಎಲ್ಲಾ ಹೊಲಕ್ಕ ಹೋಗಿದ್ರು. ನೀವು, ನಾ, ಕಾಕಾ, ಇಷ್ಟೇ ಇದ್ದಿವಿ. ಮರುದಿನ ಖಾಲಿ ತಗ್ಗು ನೋಡಿ ಊರಿಗಿ ಗೊತ್ತಾಯ್ತು."

ಯಾರೋ ನಕ್ಕಿದ್ದು? ನಾನೇ ಇರಬೇಕು. ಅಂದು ರಾತ್ರಿ ಮನೆಗೆ ಬಂದು ಹಳೆಯ ದಿನಚರಿ ತೆಗೆದೆ. ಆ ದಿನದ ಪುಟದಲ್ಲಿ "ಜೋರು ಗಾಳಿ. ಭಜ್ಜಿ ಬಹಳ ತಿಂದೆ" ಎಂದಷ್ಟೇ ಇದೆ.

ಆಯಿ ಹೋಗಿಬಿಟ್ಟ ಸುದ್ದಿಯನ್ನೂ ಮಾರುತಿಯೇ ಹೇಳಿದ್ದು. ಎರಡು ವರ್ಷವಾಯಿತಂತೆ. "ನಿಮ್ಮ ನಂಬರ್ ಇದ್ದಿಲ್ಲ" ಅಂದ. ಬೇವು ಹೇಗಿದೆ ಎಂದು ಕೇಳಿದೆ. "ಯಾವ ಬೇವು?" ಅಂದ.

ಭಾನುವಾರ ಚಿಂತಾಕಿಗೆ ಹೋದೆ. ಶಾಂತಾಬಾಯಿಯ ತಲೆ ನರೆತಿದೆ. ನನ್ನನ್ನು ಗುರುತಿಸಿ, "ಸಾಯಗಾಂವದವರಲ್ರೀ!" ಎಂದು ಕೈ ಹಿಡಿದು ಬಾವಿಗೆ ಕರೆದುಕೊಂಡು ಹೋದಳು. ಬಾವಿಯ ಪಕ್ಕ ಮರವಿರಲಿಲ್ಲ. ಬಿಸಿಲು, ಪಂಪಿನ ಪೈಪು, ಒಂದು ಬಟ್ಟೆ ಒಗೆಯುವ ಕಲ್ಲು.

"ಆ ಬ್ಯಾಸಗ್ಯಾಗೇ ಒಣಗ್ತುರಿ. ನಾ ದಿನಾ ನೀರ ಹಾಕ್ದೆ. ಚಳಿಗಾಲದಾಗ ಕಿತ್ತಿದ್ದು ಹತ್ತಂಗಿಲ್ಲ ನೋಡ್ರಿ."

"ಆಯಿಗೆ ಗೊತ್ತಿತ್ತಾ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ಒಕ್ಕಲತನ ಮಾಡಿದಾಕಿಗಿ ಗೊತ್ತಿರಂಗಿಲ್ಲೇನ್ರಿ?"

ನಾನು ಒಗೆಯುವ ಕಲ್ಲಿನ ಮೇಲೆ ಕೂತೆ. ಇಷ್ಟು ವರ್ಷ ನಾನು ಹೇಳಿದ್ದು ಗಿಡವನ್ನು ಸರಿಸಿಟ್ಟ ಕಥೆ. ನಡೆದದ್ದು ಬೇರೆ. ಮಳೆಗಾಲದವರೆಗೆ ಕಾದರೆ ಬೇಲಿ ಹಾಕಿಬಿಡುತ್ತಿದ್ದರು, ಕಾಯದೆ ಕಿತ್ತರೆ ಗಿಡ ಸಾಯುತ್ತಿತ್ತು. ಆಕೆ ಆತನಿಗೆ ಉಣಿಸಿ, ಎಬ್ಬಿಸಿ, ಎರಡನೆಯ ಸಲ ಕಳೆದುಕೊಂಡಳು. ಮನೆಗೆ ಕರೆದುಕೊಂಡು ಹೊರಟೆ ಎಂದು ಕಾಕಾನಿಗೆ ಹೇಳುವಾಗ ಅವಳಿಗೆ ಅದು ಗೊತ್ತಿತ್ತು.

ತಗಡು ಉಳಿದಿತ್ತು. ದನದ ಕೊಟ್ಟಿಗೆಯ ಬಾಗಿಲಿಗೆ ತೂಗು ಹಾಕಿದ್ದರು. ಹೆಸರಿನ ಬಣ್ಣ ಅರ್ಧ ಹೋಗಿದೆ, ಅಂಚು ತಗ್ಗುದಿಣ್ಣೆಯಾಗಿದೆ. "ಚಿಗರಿ ತೊಗರಿಗಿ ಬಂದ್ರ ಅದನ್ನೇ ಬಾರಿಸ್ತೇವಿ," ಶಾಂತಾಬಾಯಿ ನಕ್ಕಳು. "ಮಾವನೋರ ಕೆಲಸ ಮಾವನೋರೇ ಮಾಡ್ಲತ್ತಾರ."

"ಬಹಳ ಬರ್ತಾವಾ?"

"ಬರ್ತಾವ್ರಿ. ಗಾಯರಾಣದಾಗ ತುಂಬಿ ತುಳುಕ್ಲತ್ತಾವ. ಅತ್ತಿ ಮಾಡಿಟ್ಟು ಹೋದ ತ್ರಾಸು."

ಒಬ್ಬಳೇ ಗಾಯರಾಣಕ್ಕೆ ನಡೆದೆ. ದಾರಿಯ ಬದಿಗೆ ಕಾಕಾನ ಹುಣಸೆ ಚೆನ್ನಾಗಿ ಬೆಳೆದಿದೆ, ಬಿಲ್ವಗಳೂ. ಅವುಗಳ ನೆರಳು ದಾಟಿದರೆ ಬಯಲು. ಮೊಣಕಾಲೆತ್ತರ ಹುಲ್ಲು ಗಾಳಿಗೆ ಒಂದೇ ಸಮನೆ ಬಾಗುತ್ತಿತ್ತು. ದೂರದಲ್ಲಿ ಕರಿ ಗಂಡು, ತನ್ನ ಜಾಗದಲ್ಲಿ. ನಡೆಯುತ್ತ ಕಾಲ ಕೆಳಗೆ ನೆಲ ಅಲ್ಲಲ್ಲಿ ಕುಸಿದಂತೆ ಅನ್ನಿಸಿತು. ಹಳೆಯ ತಗ್ಗುಗಳು. ಪೂರ್ತಿ ಮುಚ್ಚಿಲ್ಲ. ಅವುಗಳಲ್ಲಿ ತೇವ ನಿಂತು ಹುಲ್ಲು ಸುತ್ತಲಿಗಿಂತ ದಟ್ಟವಾಗಿದೆ.

ಅಂಥ ಒಂದರ ಮುಂದೆ ಕಾಲು ತಾನೇ ನಿಂತಿತು. ಒಳಗೆ ಹುಲ್ಲಿನ ನಡುವೆ ಒಂದು ಮರಿ, ಕೊರಳು ನೆಲಕ್ಕೆ ಹಚ್ಚಿ ಮಲಗಿತ್ತು. ನನ್ನ ನೆರಳು ಅದರ ಮೇಲೆ ಬಿತ್ತು. ಅದು ಅಲುಗಲಿಲ್ಲ.

ಅದು ರೇವಪ್ಪನ ಬೇವಿನ ತಗ್ಗೇ ಎಂದು ನಾನು ಹೇಳಲಾರೆ. ಈಗ ಎಲ್ಲವೂ ಒಂದೇ ಥರ ಇವೆ. ಜಾಗಾ ಯಾರು ಬಿಟ್ಟರು ಎಂದು ಕೇಳಲು ಆಯಿ ಇಲ್ಲ. ಹುಲ್ಲು ಮುರಿಯದಂತೆ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿದೆ.